ಹೊಸ ಪೊಡಿಯಾಟ್ರಿ ಶಾಲೆಯ ‘ಶೇ. 100 ರೆಸಿಡೆನ್ಸಿ’ ಗುರಿ ನೋಡಿ ಸೇರಬಹುದಾ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಯಿತು. ನಾನೂ ಇಂಥದ್ದೇ ಗುರಿ ಓದಿ ಸೇರಿದವನು.

ಅಮೆರಿಕದ ಎರಡು ಪೊಡಿಯಾಟ್ರಿ ಶಾಲೆಗಳಲ್ಲಿ, ಅಂದರೆ ಪಾದದ ಡಾಕ್ಟರುಗಳನ್ನು ತಯಾರು ಮಾಡುವ ಶಾಲೆಗಳಲ್ಲಿ, ನಿಮಗೆ ಸೀಟು ಸಿಕ್ಕಿದೆ. ಹೊಸ ಶಾಲೆ ತನ್ನ ಗುರಿಗಳಲ್ಲಿ ಲೈಸೆನ್ಸ್ ಪರೀಕ್ಷೆಯ ಪಾರ್ಟ್ ವನ್ ಪಾಸಾಗುವವರು ಶೇ. 95, ರೆಸಿಡೆನ್ಸಿ (ಪದವಿ ಆದಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಸಿಗುವವರು ಶೇ. 100 ಅಂತ ಬರೆದಿದೆ. ಹಳೆಯ ಶಾಲೆಯಲ್ಲಿ ನಾಲ್ಕೇ ವರ್ಷಕ್ಕೆ ಮುಗಿಸಿದವರು ಶೇ. 78. ಹಾಗಾದರೆ ಹೊಸದೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಹೊಸ ಶಾಲೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೀವು ಮಾಡುತ್ತಿರುವ ಹೋಲಿಕೆಯೇ ತಪ್ಪು. ಶೇ. 78 ಆಗಿಹೋದ ಕೆಲಸ. ಶೇ. 100 ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ.

ನಾನು ಸೇರಿದಾಗ ನಮ್ಮ ಶಾಲೆಗೆ ಒಂದು ವರ್ಷ ವಯಸ್ಸು. ಹೆಸರು ಬೇಡ. ಗೋಡೆಗೆ ಹೊಡೆದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಶವ ಕೊಯ್ಯುವ ಮೇಜುಗಳ ಮೇಲೆ ಒಂದು ಗೀರೂ ಇರಲಿಲ್ಲ. ನಮಗಿಂತ ಮುಂದೆ ಇದ್ದದ್ದು ಒಂದೇ ಬ್ಯಾಚ್, ಅವರೂ ಎರಡನೇ ವರ್ಷದಲ್ಲಿದ್ದರು. ಶಾಲೆಯಿಂದ ಒಬ್ಬರೂ ಡಾಕ್ಟರಾಗಿ ಹೊರಗೆ ಬಿದ್ದಿರಲಿಲ್ಲ.

ಸೇರುವ ಮುಂಚೆ ಅವರು ಕೊಟ್ಟ ಕೈಪಿಡಿಯಲ್ಲಿ ಗುರಿಗಳ ಪಟ್ಟಿ ಇತ್ತು. ಸಕ್ಕರೆ ಕಾಯಿಲೆಯವರ ಕಾಲು ಕತ್ತರಿಸುವುದನ್ನು ತಪ್ಪಿಸುವುದು, ಡಾಕ್ಟರುಗಳಿಲ್ಲದ ಊರುಗಳಿಗೆ ಡಾಕ್ಟರುಗಳನ್ನು ಕೊಡುವುದು, ಸಂಶೋಧನೆ, ಎಂಡಿ (ನಮ್ಮ ಕಡೆಯ ಎಂಬಿಬಿಎಸ್ ಥರದ ಪದವಿ) ವಿದ್ಯಾರ್ಥಿಗಳ ಜೊತೆ ಒಂದೇ ತರಗತಿಯಲ್ಲಿ ಪಾಠ. ಇವೆಲ್ಲ ಒಳ್ಳೆಯ ಗುರಿಗಳೇ. ಕೆಲವನ್ನು ಅವರು ಚೆನ್ನಾಗಿ ಮಾಡಿಯೂ ತೋರಿಸಿದರು. ಮೊದಲ ವರ್ಷದಲ್ಲೇ ನಮ್ಮನ್ನು ಕ್ಲಿನಿಕ್‌ಗೆ ಇಳಿಸಿದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ರೋಗಿಯ ಅಂಗಾಲಿಗೆ ಮುಟ್ಟಿಸಿ, ಗೊತ್ತಾಗುತ್ತಾ ಅಂತ ಕೇಳುವುದು ನಮ್ಮ ಕೆಲಸ. ಮೊದಲ ದಿನವೇ ಒಬ್ಬರು ಬೂಟಿನೊಳಗೆ ಮೊಳೆ ಸೇರಿಕೊಂಡಿದ್ದರೂ ಎರಡು ದಿನ ಓಡಾಡಿ ಬಂದಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದ ಅಂದರೆ 26 ಎಲುಬು ಅಂತ ಬಾಯಿಪಾಠ ಮಾಡಿದ್ದ ನನಗೆ ಅವತ್ತು ಈ ಕೆಲಸ ಹಿಡಿಸಿತು. ಹಾಗಾಗಿ ಶಾಲೆಯ ಮೇಲೆ ದೂರು ಹೇಳೋಕೆ ಕೂತಿಲ್ಲ. ತಪ್ಪು ನನ್ನದೇ.

ಆ ತಪ್ಪು ಏನು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೈಪಿಡಿಯಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು, ನಮ್ಮ ಪದವೀಧರರೆಲ್ಲರೂ ಮುಂದೆ ರೆಸಿಡೆನ್ಸಿ ಪಡೆಯುವ ಹಾಗೆ ಮಾಡುವುದು ನಮ್ಮ ಗುರಿ ಅಂತ. ನಾನು ರಾತ್ರಿ ಅಪ್ಪನಿಗೆ ಫೋನ್ ಮಾಡಿ, “ಇಲ್ಲಿ ಎಲ್ಲರಿಗೂ ರೆಸಿಡೆನ್ಸಿ ಸಿಗುತ್ತೆ ಅಪ್ಪ” ಅಂದೆ. ಗಮನಿಸಿ. ನಮ್ಮ ಭಾಷೆಯಲ್ಲಿ ‘ಸಿಗುತ್ತೆ’ ಅಂದರೆ ದಿನಾ ಸಿಗುತ್ತೆ ಅಂತಲೂ ಆಗುತ್ತೆ, ನಾಳೆ ಸಿಗುತ್ತೆ ಅಂತಲೂ ಆಗುತ್ತೆ. ಅಪ್ಪ ಮೊದಲನೆಯ ಅರ್ಥದಲ್ಲಿ ಕೇಳಿಸಿಕೊಂಡರು. ಅದರಲ್ಲಿ ಅವರ ತಪ್ಪಿಲ್ಲ. ಆದರೆ ಹೇಳಿದ ನಾನೂ ಹಾಗೇ ಕೇಳಿಸಿಕೊಂಡೆ. ಆ ಒಂದು ಮಾತಿನಲ್ಲಿ ಶಾಲೆಯ ಆಸೆ ನನ್ನ ತಲೆಯಲ್ಲಿ ಶಾಲೆಯ ರೂಢಿಯಾಗಿ ಕೂತುಬಿಟ್ಟಿತು. ಆಮೇಲೆ ಮೂರು ವರ್ಷ ನಾನು ಆ ಕೈಪಿಡಿಯನ್ನು ತೆರೆದು ನೋಡಲಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದು ‘ಉತ್ತೆ’ ಇತ್ತು. ಶಾಲೆಯ ಪಕ್ಕದ ಆಸ್ಪತ್ರೆಯಲ್ಲಿ ನಮ್ಮದೇ ಪೊಡಿಯಾಟ್ರಿ ರೆಸಿಡೆನ್ಸಿ ಶುರುವಾಗುತ್ತೆ. ಅದನ್ನೂ ಹಾಗೇ ನುಂಗಿದೆ.

ಇದರಿಂದ ಏನಾಯಿತು ಅನ್ನೋದಕ್ಕೆ ನಮ್ಮ ವೃತ್ತಿಯ ಲೆಕ್ಕಾಚಾರ ಗೊತ್ತಿರಬೇಕು. ಡಿಪಿಎಂ, ಅಂದರೆ ನಮ್ಮ ಪೊಡಿಯಾಟ್ರಿ ಪದವಿ, ನಾಲ್ಕು ವರ್ಷ. ಆಮೇಲೆ ಮೂರು ವರ್ಷದ ರೆಸಿಡೆನ್ಸಿ. ರೆಸಿಡೆನ್ಸಿ ಮಾಡದೆ ಬಹುಪಾಲು ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲ, ಡಿಗ್ರಿಯನ್ನು ಗೋಡೆಗೆ ನೇತುಹಾಕಿಕೊಳ್ಳಬಹುದು ಅಷ್ಟೇ. ರೆಸಿಡೆನ್ಸಿ ಸೀಟು ಹಂಚುವ ವ್ಯವಸ್ಥೆಗೆ ಮ್ಯಾಚ್ ಅನ್ನುತ್ತಾರೆ. ಎಂಡಿಗಳ ಮ್ಯಾಚ್ ಬೇರೆ, ನಮ್ಮ ಮ್ಯಾಚ್ ಬೇರೆ. ನಮ್ಮದು ಸಣ್ಣ ಜಗತ್ತು. ಒಂದೊಂದು ಆಸ್ಪತ್ರೆ ವರ್ಷಕ್ಕೆ ಇಬ್ಬರನ್ನೋ ಮೂವರನ್ನೋ ತೆಗೆದುಕೊಳ್ಳುತ್ತೆ. ಹಾಗಾಗಿ ಪ್ರೋಗ್ರಾಂ ಡೈರೆಕ್ಟರುಗಳು ಅಂಕಕ್ಕಿಂತ ಜಾಸ್ತಿ ನೋಡುವುದು, ಈ ಹುಡುಗ ನಾಲ್ಕನೇ ವರ್ಷದಲ್ಲಿ ನಮ್ಮಲ್ಲಿ ಬಂದು ಒಂದು ತಿಂಗಳು ದುಡಿದನಾ ಅಂತ. ಆ ತಿಂಗಳನ್ನೇ ಎಕ್ಸ್‌ಟರ್ನ್‌ಶಿಪ್ ಅನ್ನುವುದು. ಬೆಳಗಿನ ಜಾವ ರೌಂಡ್ಸ್‌ಗೆ ಮುಂಚೆ ಹೋಗಿ ಬ್ಯಾಂಡೇಜ್ ಬಿಚ್ಚಿಟ್ಟವನು ಯಾರು, ಕೇಳದೆ ಇದ್ದಾಗ ಬಾಯಿ ಮುಚ್ಚಿಕೊಂಡಿದ್ದವನು ಯಾರು, ಎಲ್ಲ ಅವರಿಗೆ ನೆನಪಿರುತ್ತೆ.

ನಮಗೆ ಆ ವರ್ಷ ಹೀಗೆ ಹೊರಗೆ ಹೋಗಲು ಆರು ತಿಂಗಳು ಸಿಕ್ಕಿದ್ದವು. ಮೂರನೇ ವರ್ಷದಲ್ಲೇ ಆಸ್ಪತ್ರೆಗಳಿಗೆ ಬರೆದು ಜಾಗ ಹಿಡಿಯಬೇಕು. ನಾನು ಆರರಲ್ಲಿ ಐದು ತಿಂಗಳು ಪಕ್ಕದ ಆಸ್ಪತ್ರೆಗೇ ಬರೆದುಕೊಂಡೆ. ಬಾಡಿಗೆ ಮನೆ ಬದಲಿಸಬೇಕಿಲ್ಲ, ಪ್ರಯಾಣದ ಖರ್ಚಿಲ್ಲ, ನರ್ಸುಗಳೆಲ್ಲ ಗೊತ್ತು. ಮುಖ್ಯವಾಗಿ, ಅಲ್ಲಿ ರೆಸಿಡೆನ್ಸಿ ಶುರುವಾಗುತ್ತಲ್ಲ! ಮೊದಲ ಸೀಟು ನನಗಲ್ಲದೆ ಇನ್ಯಾರಿಗೆ?

ಅದು ಶುರುವಾಗಲಿಲ್ಲ. ರೆಸಿಡೆನ್ಸಿ ಶುರುಮಾಡಲು ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಕಲಿಸುವ ಡಾಕ್ಟರುಗಳು, ದುಡ್ಡು, ಮತ್ತು ಸಿಪಿಎಂಇ ಅನ್ನೋ ಮಾನ್ಯತೆ ಕೊಡುವ ಮಂಡಳಿಯ ಒಪ್ಪಿಗೆ, ಎಲ್ಲ ಕೂಡಿಬರಬೇಕು. ಶಾಲೆಯವರು ಸುಳ್ಳು ಹೇಳಿರಲಿಲ್ಲ, ಕೆಲಸ ತಡವಾಯಿತು ಅಷ್ಟೇ. ಡೀನ್ ಕರೆದು ಬೇಜಾರಿನಿಂದಲೇ ಹೇಳಿದರು. ಅಂದರೆ ನಾನು ಐದು ತಿಂಗಳು ದುಡಿದದ್ದು ರೆಸಿಡೆಂಟನ್ನು ತೆಗೆದುಕೊಳ್ಳುವ ಅಧಿಕಾರವೇ ಇಲ್ಲದ ಆಸ್ಪತ್ರೆಯಲ್ಲಿ. ಹಳೆಯ ಶಾಲೆಯಾಗಿದ್ದರೆ ಯಾರಾದರೂ ಸೀನಿಯರ್ ಕ್ಯಾಂಟೀನಿನಲ್ಲಿ ತಲೆಗೆ ಮೊಟಕಿ, “ಹುಚ್ಚಾ, ಐದು ತಿಂಗಳು ಒಂದೇ ಕಡೆ ಇರ್ತಾರೇನೋ” ಅಂತಿದ್ದ. ನಮಗೆ ಹಾಗೆ ಮ್ಯಾಚ್ ದಾಟಿದ ಸೀನಿಯರ್ ಇರಲಿಲ್ಲ. ಹೊಸ ಶಾಲೆಯಲ್ಲಿ ನಿಜವಾಗಿ ಇಲ್ಲದಿರುವುದು ಅದೊಂದೇ ಅಂತ ಈಗ ಅನ್ನಿಸುತ್ತೆ. ಕಟ್ಟಡ ಇರುತ್ತೆ, ಮೇಷ್ಟ್ರುಗಳಿರುತ್ತಾರೆ.

ಜನವರಿ ಸಂದರ್ಶನಗಳಲ್ಲಿ ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸಿದರು. ಒಬ್ಬ ಡೈರೆಕ್ಟರ್ ಮಾತ್ರ ನೇರವಾಗಿ ಹೇಳಿದರು: ನಿನ್ನ ಅಂಕ ಚೆನ್ನಾಗಿದೆ, ಆದರೆ ನಿನ್ನ ಕೈ ನಾವು ನೋಡಿಲ್ಲವಲ್ಲ. ಮಾರ್ಚ್‌ನಲ್ಲಿ ಫಲಿತಾಂಶ ಬಂತು. ನನಗೆ ಎಲ್ಲೂ ಇಲ್ಲ. ಉಳಿದ ಸೀಟುಗಳಿಗೆ ನಡೆಯುವ ಓಡಾಟದಲ್ಲೂ ಇಲ್ಲ. ಅಪ್ಪನಿಗೆ ಫೋನ್ ಮಾಡಲು ನಾಲ್ಕು ದಿನ ಬೇಕಾಯಿತು. ಅವರು ಬೈಯಲಿಲ್ಲ. “ಎಲ್ಲರಿಗೂ ಸಿಗುತ್ತೆ ಅಂದಿದ್ದೆಯಲ್ಲ” ಅಂದರು, ನಿಜವಾಗಿಯೂ ಅರ್ಥವಾಗದೆ.

ಆ ವರ್ಷ ಒಂದು ಗಾಯದ ಕ್ಲಿನಿಕ್‌ನಲ್ಲಿ ಸಹಾಯಕನಾಗಿದ್ದೆ. ಹುಣ್ಣಿನ ಉದ್ದ, ಅಗಲ, ಆಳ ಅಳೆದು ಬರೆದಿಡುವುದು, ಫೋಟೋ ತೆಗೆಯುವುದು. ಸಾಲದ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಿತ್ತು. ರಜೆ ಸಿಕ್ಕಾಗಲೆಲ್ಲ ಬೇರೆ ಊರಿನ ರೆಸಿಡೆನ್ಸಿ ಆಸ್ಪತ್ರೆಗಳಿಗೆ ಹೋಗಿ ಮೂಲೆಯಲ್ಲಿ ನಿಂತು ನೋಡಿದೆ, ಮುಖ ತೋರಿಸಿದೆ. ಮುಂದಿನ ಮಾರ್ಚ್‌ನಲ್ಲಿ ಸೀಟು ಸಿಕ್ಕಿತು.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಮೊದಲು ಆ ಶೇ. 100. ಅದು ಗುರಿ ಅನ್ನೋದು ಬಿಡಿ, ನಾಳೆ ನಿಜವೇ ಆದರೂ ಯಾರಲ್ಲಿ ಶೇ. 100 ಅಂತ ಕೇಳಬೇಕು. ರೆಸಿಡೆನ್ಸಿ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಪದವಿ ಮುಗಿಸಿದವರಿಂದ. ಮೊದಲ ವರ್ಷ ಸೇರಿದವರಿಂದ ಅಲ್ಲ. 40 ಜನ ಸೇರಿ, ನಡುವೆ 10 ಜನ ಬಿಟ್ಟುಹೋಗಿ, ಉಳಿದ 30 ಜನಕ್ಕೂ ಸಿಕ್ಕರೆ ಅದೂ ಶೇ. 100 ಅಲ್ವಾ? ಪಾರ್ಟ್ ವನ್ ಕಥೆಯೂ ಇದೇ. ಎಪಿಎಂಎಲ್‌ಇ ಅನ್ನೋ ಲೈಸೆನ್ಸ್ ಪರೀಕ್ಷೆಯ ಈ ಮೊದಲ ಭಾಗವನ್ನು ಎರಡನೇ ವರ್ಷ ಮುಗಿದ ಮೇಲೆ ಬರೆಯುವುದು. ತಯಾರಿಲ್ಲದವರನ್ನು ಒಂದು ವರ್ಷ ಹಿಂದೆ ಉಳಿಸಿಕೊಂಡರೆ ಪಾಸಾದವರ ಶೇಕಡಾವಾರು ತಾನಾಗಿ ಮೇಲೇರುತ್ತೆ. ಹಾಗೆ ಉಳಿಸಿಕೊಳ್ಳುವುದು ಕೆಲವೊಮ್ಮೆ ವಿದ್ಯಾರ್ಥಿಗೆ ಒಳ್ಳೆಯದೇ, ಆದರೆ ಅದು ನಿಮಗೆ ಗೊತ್ತಿರಬೇಕು.

ಹಳೆಯ ಶಾಲೆಯ ಶೇ. 78 ನೋಡಿ ನೀವು ಮೂಗು ಮುರಿದಿದ್ದೀರಿ. ನನಗೆ ನಂಬಿಕೆ ಹುಟ್ಟಿಸುವುದು ಅದೇ ಅಂಕಿ. ಅದು ಸೇರಿದವರಿಂದ ಶುರುಮಾಡಿದ ಲೆಕ್ಕ. ಇಂಥ ಫಲಿತಾಂಶಗಳನ್ನು ಶಾಲೆಗಳು ಸಾರ್ವಜನಿಕವಾಗಿ ಇಡಬೇಕು ಅನ್ನೋದು ಮಾನ್ಯತೆಯ ನಿಯಮ. ಉಳಿದ ಶೇ. 22 ಜನ ಏನಾದರು ಅಂತ ಕೇಳಿ. ಐದನೇ ವರ್ಷದಲ್ಲಿ ಮುಗಿಸಿದರಾ, ಪೂರ್ತಿ ಬಿಟ್ಟರಾ? ಉತ್ತರ ಕೊಡುವಷ್ಟು ಇತಿಹಾಸ ಅವರ ಹತ್ತಿರ ಇದೆ.

ಹಾಗಂತ ಹಳೆಯದೇ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಈ ದೇಶದಲ್ಲಿ ಈಗಿರುವುದು ಹನ್ನೊಂದೇ ಪೊಡಿಯಾಟ್ರಿ ಶಾಲೆಗಳು. ನ್ಯೂಯಾರ್ಕಿನದು 1911ರದ್ದು, ಶಿಕಾಗೋದಲ್ಲಿ ಶುರುವಾದ ಶೋಲ್ ಕಾಲೇಜು 1912ರದ್ದು. ಟೆಕ್ಸಸ್‌ನ ರಿಯೋ ಗ್ರ್ಯಾಂಡ್ ವ್ಯಾಲಿ ವಿಶ್ವವಿದ್ಯಾಲಯದ ಶಾಲೆ ಹಾರ್ಲಿಂಜನ್‌ನಲ್ಲಿ ಶುರುವಾದದ್ದು 2022ರಲ್ಲಿ. ಆ ರಾಜ್ಯಕ್ಕೆ ಅದೇ ಮೊದಲನೆಯದು. ಸಕ್ಕರೆ ಕಾಯಿಲೆ ವಿಪರೀತ ಇರುವ ಸೀಮೆ ಅದು. ಅಂಥ ಕಡೆ ಶಾಲೆ ತೆರೆಯುವುದಕ್ಕೆ ಅರ್ಥವಿದೆ. ಒಂದು ವರ್ಷದಲ್ಲಿ ಅಲ್ಲಿ ನೋಡಸಿಗುವ ಕಾಲುಗಳು ಬೇರೆ ಕಡೆ ಸಿಗಲಿಕ್ಕಿಲ್ಲ. ಹೊಸ ಶಾಲೆಗೆ ಪೂರ್ಣ ಮಾನ್ಯತೆ ಬರುವುದು ಮೊದಲ ಬ್ಯಾಚ್ ಹೊರಬೀಳುವ ಹೊತ್ತಿಗೆ, ಅಲ್ಲಿಯ ತನಕ ಅದಕ್ಕೆ ಮುಂಚಿನ ಹಂತದ ಮಾನ್ಯತೆ ಇರುತ್ತೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಆ ಮುಂಚಿನ ಹಂತದ ಮಾನ್ಯತೆ ಸಿಕ್ಕಿದೆಯಾ ಅಂತ ಸಿಪಿಎಂಇ ಪಟ್ಟಿಯಲ್ಲೇ ನೋಡಿ, ಶಾಲೆಯವರ ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ.

ಇನ್ನೊಂದು. ಎಂಡಿ ಸೀಟು ಸಿಗಲಿಲ್ಲ, ಅದಕ್ಕೆ ಇದು ಅಂತ ಪ್ರಶ್ನೆಯ ಕೊನೆಗೆ ಬರೆದಿದ್ದೀರಿ. ಹಾಗಿದ್ದರೆ ಎರಡೂ ಶಾಲೆ ಬೇಡ, ಇದು ನನ್ನ ಖಡಕ್ ಅಭಿಪ್ರಾಯ. ಮೊದಲು ಒಂದು ವಾರ ಯಾರಾದರೂ ಪೊಡಿಯಾಟ್ರಿಸ್ಟ್ ಹಿಂದೆ ತಿರುಗಿ. ಕೊಳೆತ ಬೆರಳಿನ ವಾಸನೆ, ದಪ್ಪ ಉಗುರು ಕತ್ತರಿಸುವುದು, ಮಾತು ಕೇಳದೆ ಚಪ್ಪಲಿ ಹಾಕಿ ಓಡಾಡುವ ರೋಗಿ, ಎಲ್ಲ ನೋಡಿ. ಆಮೇಲೂ ಮನಸ್ಸಿದ್ದರೆ ಶಾಲೆಯ ಮಾತು.

ನಾನೀಗ ಎಕ್ಸ್‌ಟರ್ನ್‌ಗಳು ಬರುವ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತೇನೆ. ಇತ್ತೀಚೆಗೆ ಹೊಸ ಶಾಲೆಯೊಂದರಿಂದ ಒಬ್ಬ ಹುಡುಗಿ ಬಂದಿದ್ದಳು. ಮೊದಲ ಬ್ಯಾಚ್. ಇಷ್ಟು ದೂರ ಯಾಕೆ ಬಂದೆ ಅಂತ ಕೇಳಿದೆ. ಅವರ ಎಕ್ಸ್‌ಟರ್ನ್‌ಶಿಪ್ ನೋಡಿಕೊಳ್ಳುವ ಮೇಡಂ, ನಾಲ್ಕು ಬೇರೆ ಬೇರೆ ರೆಸಿಡೆನ್ಸಿ ಆಸ್ಪತ್ರೆಗಳ ಹೆಸರು ಬರೆಯದೆ ಫಾರಂಗೆ ಸಹಿ ಹಾಕುವುದೇ ಇಲ್ಲವಂತೆ. ಇವಳು ಮೂರು ಬರೆದುಕೊಂಡು ಹೋದಾಗ ಎರಡು ಸಲ ವಾಪಸ್ ಕಳಿಸಿದರಂತೆ. ನಿಮ್ಮ ಹೊಸ ಶಾಲೆಯಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ ಅಂತ ವಿಚಾರಿಸಿ, ಡೆಪಾಸಿಟ್ ಕಟ್ಟುವ ಮುಂಚೆ ಅವರ ಹತ್ತಿರ ಅರ್ಧ ಗಂಟೆ ಮಾತಾಡಿ. ಅಂಥ ಮೇಡಂ ಸಿಕ್ಕರೆ ಸೇರಿಕೊಳ್ಳಿ.