ಊಟಕ್ಕಲ್ಲದ ಬಂಗಾರದ ಪಾತ್ರೆ

ಪ್ರಶ್ನೆ: ಯುರೋಪಿನ ಹಳೇ ರಾಜರ ಔತಣದ ಚಿತ್ರಗಳಲ್ಲಿ ಮೇಜಿನ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಬೆಳ್ಳಿ, ಬಂಗಾರದ ಪಾತ್ರೆ ಜೋಡಿಸಿರುತ್ತಾರೆ. ಅಷ್ಟರಲ್ಲೂ ಊಟ ಮಾಡುತ್ತಿದ್ದರಾ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ, ಅವು ಇದ್ದಿದ್ದೇ ನೋಡಲಿಕ್ಕೆ. 1527ರಲ್ಲಿ ಇಂಗ್ಲೆಂಡಿನ ರಾಜನ ಮುಖ್ಯ ಮಂತ್ರಿಯೂ ಚರ್ಚಿನ ದೊಡ್ಡ ಗುರುವೂ ಆಗಿದ್ದ ಕಾರ್ಡಿನಲ್ ವೂಲ್ಸಿ ಫ್ರಾನ್ಸಿನ ರಾಯಭಾರಿಗಳಿಗೆ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಔತಣ ಕೊಟ್ಟ. ಅಲ್ಲೂ ಇಂಥದ್ದೇ ಆರು ಹಂತದ ಏರ್ಪಾಡು. ತುಂಬಾ ಚಿನ್ನದ ನೀರು ಕೊಟ್ಟ ಪಾತ್ರೆಗಳು, ತೀರಾ ಕೆಳಗಿನ ಹಂತದಲ್ಲಿ ಅಪ್ಪಟ ಬಂಗಾರ. ಯಾರೂ ಹತ್ತಿರ ಸುಳಿಯದ ಹಾಗೆ ಸುತ್ತ ಅಡ್ಡ ಕಟ್ಟಿದ್ದರು. ಊಟ ಮುಗಿಯುವವರೆಗೆ ಅದರಲ್ಲಿ ಒಂದನ್ನೂ ಅಲುಗಿಸಲಿಲ್ಲ, ಬಡಿಸಲು ಬೇರೆಯೇ ಬೇಕಾದಷ್ಟು ಇತ್ತು ಅಂತ ವೂಲ್ಸಿಯ ಮನೆಯಲ್ಲೇ ಕೆಲಸಕ್ಕಿದ್ದ ಜಾರ್ಜ್ ಕ್ಯಾವೆಂಡಿಶ್ ಬರೆದಿಟ್ಟಿದ್ದಾನೆ. ಇಷ್ಟನ್ನು ಮುಟ್ಟದೆಯೇ ನಿಮಗೆ ಊಟ ಹಾಕಬಲ್ಲೆ ಅನ್ನುವ ಜಂಬ, ಅಲ್ವಾ! ಎರಡೇ ವರ್ಷದಲ್ಲಿ ವೂಲ್ಸಿ ಅಧಿಕಾರ ಕಳೆದುಕೊಂಡ, ಪಾತ್ರೆಗಳೆಲ್ಲ ರಾಜ ಎಂಟನೇ ಹೆನ್ರಿಯ ಪಾಲಾದವು.

ಮೆಟ್ಟಿಲನ್ನೂ ಮನಸ್ಸಿಗೆ ಬಂದಷ್ಟು ಕಟ್ಟುವ ಹಾಗಿರಲಿಲ್ಲ. 15ನೇ ಶತಮಾನದಲ್ಲಿ ಈಗಿನ ಫ್ರಾನ್ಸ್, ಬೆಲ್ಜಿಯಂ ಕಡೆ ಆಳುತ್ತಿದ್ದ ಬರ್ಗಂಡಿ ಡ್ಯೂಕ್‌ಗಳ ಆಸ್ಥಾನದ ರೂಢಿಯಲ್ಲಿ ಹಂತಗಳ ಲೆಕ್ಕ ಅಂತಸ್ತಿಗೆ ತಕ್ಕ ಹಾಗೆ: ಫ್ರಾನ್ಸಿನ ರಾಣಿಗೆ 5, ಅವಳಿಗಿಂತ ಕೆಳಗಿನ ಅಂತಸ್ತಿನ ಸಿರಿವಂತೆ ಕೌಂಟೆಸ್‌ಗೆ 3. ಒಳಗೆ ಬಂದವರು ಮೊದಲು ಅದನ್ನೇ ಎಣಿಸುತ್ತಿದ್ದರೋ ಏನೋ.

ಇನ್ನೊಂದು ಕಾರಣ ದುಡ್ಡು. ಪಾತ್ರೆ ಅಂದರೆ ಕೂಡಿಟ್ಟ ಹಣವೇ. ಯುದ್ಧ ಬಂದರೆ, ಸಾಲ ಏರಿದರೆ ಅಡ ಇಡಬಹುದು, ಇಲ್ಲ ಕರಗಿಸಿ ನಾಣ್ಯ ಹೊಡೆಸಬಹುದು. ಕೆಲಸಗಾರನ ಕೈಚಳಕಕ್ಕೆ ಆಗ ಕಾಸಿನ ಬೆಲೆಯೂ ಇಲ್ಲ, ತೂಕ ಒಂದೇ ಲೆಕ್ಕ. ಹಾಗಾಗಿ ಉಳಿದಿರುವುದು ಬಹಳ ಕಡಿಮೆ, ನನಗೆ ಹೊಟ್ಟೆ ಉರಿಯುವುದೂ ಇದಕ್ಕೇ.

ಉಳಿದವುಗಳಲ್ಲಿ ಒಂದನ್ನು ಹೇಳಲೇಬೇಕು. ಇಟಲಿಯ ಅಕ್ಕಸಾಲಿ ಬೆನ್ವೆನುಟೊ ಚೆಲ್ಲೀನಿ ಫ್ರಾನ್ಸಿನ ರಾಜ ಮೊದಲನೇ ಫ್ರಾನ್ಸಿಸ್‌ಗೆ 1543ರಲ್ಲಿ ಮುಗಿಸಿಕೊಟ್ಟ ಬಂಗಾರದ ಉಪ್ಪಿನ ಪಾತ್ರೆ. ಸಮುದ್ರ ದೇವರು, ಭೂಮಿ ದೇವತೆ ಎದುರುಬದುರು ಕೂತಿದ್ದಾರೆ. ಅವನ ಪಕ್ಕದ ಪುಟ್ಟ ಹಡಗಿನಲ್ಲಿ ಉಪ್ಪು, ಅವಳ ಪಕ್ಕದ ಪುಟ್ಟ ಗುಡಿಯಲ್ಲಿ ಮೆಣಸು. 1570ರಲ್ಲಿ ಫ್ರಾನ್ಸಿನ ಆಗಿನ ರಾಜ ಒಂಬತ್ತನೇ ಚಾರ್ಲ್ಸ್ ಇದನ್ನು ಆಸ್ಟ್ರಿಯಾದ ರಾಜಮನೆತನಕ್ಕೆ ಉಡುಗೊರೆ ಕೊಟ್ಟ. ಫ್ರಾನ್ಸಿನಲ್ಲೇ ಇದ್ದಿದ್ದರೆ ಕುಲುಮೆಗೇ ಹೋಗುತ್ತಿತ್ತೇನೋ. 2003ರಲ್ಲಿ ವಿಯೆನ್ನಾ ಮ್ಯೂಸಿಯಂನಿಂದ ಕಳುವೂ ಆಯ್ತು. 2006ರಲ್ಲಿ ಕಾಡಿನಲ್ಲಿ ಹೂತಿಟ್ಟಿದ್ದು ಸಿಕ್ಕಿ, ಈಗ ಮತ್ತೆ ಅಲ್ಲೇ ಇದೆ. ಆ ಕಡೆ ಹೋದರೆ ನೋಡಿ ಬನ್ನಿ.