ನಾವೇ ಕೆಲಸ ಬಿಟ್ರೆ ಗ್ರಾಚ್ಯುಟಿ ಇಲ್ವಾ?

ಪ್ರಶ್ನೆ: ಅಮ್ಮ ಇಲ್ಲೇ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ 18 ವರ್ಷ ಸಿಪ್ಪೆ ತೆಗೆಯುವ ಕೆಲಸ ಮಾಡಿದ್ರು, ಸೊಂಟನೋವು ಅಂತ ಈಗ ಬಿಟ್ಟಿದ್ದಾರೆ. ಕಿಲೋ ಲೆಕ್ಕದ ಸಂಬಳ, ಅದೂ ನೀವೇ ಬಿಟ್ಟದ್ದು, ಗ್ರಾಚ್ಯುಟಿ ಇಲ್ಲ ಅಂತಾರೆ. ಹೌದಾ ಸರ್?
– ಓದುಗರು, ಕಾರ್ಕಳ

ಉತ್ತರ: ಇಲ್ಲಮ್ಮ, ಅದು ಪೂರ್ತಿ ತಪ್ಪು. ಗ್ರಾಚ್ಯುಟಿ ಅಂದ್ರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡುಗಂಟು; 10 ಅಥವಾ ಹೆಚ್ಚು ಜನ ಇರುವ ಕಡೆ 5 ವರ್ಷ ಸತತ ದುಡಿದವರಿಗೆ ಅದನ್ನು ಕೊಡ್ಲೇಬೇಕು, ರಾಜೀನಾಮೆ ಕೊಟ್ರೂ ಹಕ್ಕು ಹೋಗುದಿಲ್ಲ, 1972ರ ಕಾಯ್ದೆಯಿಂದಲೇ ಹಾಗೆ ಉಂಟು. ಕಿಲೋ ಲೆಕ್ಕದವರಿಗೆ ಕೊನೆಯ 3 ತಿಂಗಳ ಸಂಪಾದನೆಯ ಸರಾಸರಿ ತೆಗೆದು ದಿನದ ಕೂಲಿ ಎಷ್ಟು ಅಂತ ನೋಡಿ ವರ್ಷಕ್ಕೆ 15 ದಿನದಂತೆ ಲೆಕ್ಕ ಹಾಕ್ತಾರೆ, ದಿನಕ್ಕೆ 400 ರೂಪಾಯಿ ಬಿದ್ರೆ 18 ವರ್ಷಕ್ಕೆ 1,08,000 ಆಯ್ತು (ಸೀಸನ್‌ಗೆ ಮಾತ್ರ ನಡೆಯುವ ಫ್ಯಾಕ್ಟರಿ ಆದ್ರೆ 7 ದಿನ). ಇದು ಅಮ್ಮ ದುಡಿದ ದುಡ್ಡು, ಯಾರೂ ದಯೆಯಿಂದ ಕೊಡುವುದಲ್ಲ, ಹಾಗಾಗಿ ಕೇಳ್ಲಿಕ್ಕೆ ಸಂಕೋಚ ಬೇಡ.

ಮೊದ್ಲು ಮಾಲೀಕರಿಗೆ ಅರ್ಜಿ ಬರೆದು ಕೊಡಿ, ಕಾಪಿಗೆ ಸಹಿ ಹಾಕಿಸ್ಕೊಳ್ಳಿ, ತಗೊಳ್ಳದಿದ್ರೆ ಸ್ಪೀಡ್ ಪೋಸ್ಟ್ ಮಾಡಿ. 30 ದಿನದೊಳಗೆ ಕೊಡ್ಬೇಕು, ತಡ ಆದ್ರೆ ಬಡ್ಡಿ ಸಮೇತ. ಆಗ್ಲೂ ಇಲ್ಲ ಅಂದ್ರೆ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ, ಪಿಎಫ್, ಇಎಸ್‌ಐ ಕಾಗದ ತಗೊಂಡು ಹೋಗಿ, ಅಮ್ಮನ ಹಾಗೇ ಬಿಟ್ಟ ಬೇರೆ ಹೆಂಗಸರಿದ್ರೆ ಅವರನ್ನೂ ಯೂನಿಯನ್‌ನವರನ್ನೂ ಒಟ್ಟಿಗೆ ಕರ್ಕೊಳ್ಳಿ.