ಹೈಟೆನ್ಷನ್ ಲೈನ್ ಕೆಳಗಿನ ದಾರಿಯಲ್ಲಿ ಡರ್ಟ್ ಬೈಕ್ ಓಡಿಸಬಹುದಾ?

ಲೈನ್ ಕೆಳಗಿನ ಜಾಗ ವಿದ್ಯುತ್ ಕಂಪನಿಯದು, ಬೇಲಿ ಇಲ್ಲ, ಬೋರ್ಡೂ ಇಲ್ಲ, ಹಾಗಾಗಿ ಓಡಿಸಬಹುದಲ್ವಾ ಅಂತ ಕೇಳಿದ್ದೀರಿ. ಹಾಗೆ ಅಂದುಕೊಂಡು ಗಾಡಿ ಇಳಿಸಬೇಡಿ.

ಎಷ್ಟೋ ಕಡೆ ಆ ಜಾಗ ಕಂಪನಿಯದ್ದೇ ಆಗಿರುವುದಿಲ್ಲ. ಲೈನ್ ಎಳೆಯಲು, ರಿಪೇರಿಗೆ ಓಡಾಡಲು, ಮರ ಕಡಿಯಲು ಮಾತ್ರ ಅವರಿಗೆ ಹಕ್ಕಿರುತ್ತದೆ. ನೆಲ ಇನ್ನೂ ರೈತರದ್ದೋ, ಬೇರೆ ಯಾರದ್ದೋ ಆಗಿರುತ್ತದೆ. ಅಂಥ ಕಡೆ ಕಂಪನಿಯವರು ಹೂಂ ಅಂದರೂ ಸಾಲದು, ಜಮೀನಿನವರು ಒಪ್ಪಬೇಕು. ಒಂದೇ ದಾರಿ ನಾಲ್ಕೈದು ಜನರ ಹೊಲ ದಾಟಿದರೆ ಎಲ್ಲರ ಒಪ್ಪಿಗೆಯೂ ಬೇಕು. ಮೊದಲು ಭೂದಾಖಲೆಯಲ್ಲಿ ಮಾಲೀಕರು ಯಾರು ಅಂತ ನೋಡಿ. ಜಾಗ ಕಂಪನಿಯದ್ದೇ ಆಗಿದ್ದರೆ ಅವರ ಹತ್ತಿರವೇ ಕೇಳಿ. ಯಾರೇ ಕೊಟ್ಟರೂ ಅನುಮತಿ ಬರಹದಲ್ಲಿರಲಿ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಟೈರ್ ಗುರುತು ಇದೆ ಅನ್ನೋದೂ ಅಷ್ಟೇ, ಅದು ರಿಪೇರಿ ಗಾಡಿಯದ್ದೂ ಇರಬಹುದು.

ಕಾನೂನಿಗಿಂತ ನನಗೆ ಜಾಸ್ತಿ ಭಯ ಸ್ಟೇ ವೈರ್‌ಗಳದ್ದು. ಕಂಬದಿಂದ ಓರೆಯಾಗಿ ನೆಲಕ್ಕೆ ಬಿಗಿದಿರುವ ಆ ತಂತಿ, ವೇಗದಲ್ಲಿ ಬರುವಾಗ ಕಣ್ಣಿಗೆ ಬೀಳುವುದೇ ಇಲ್ಲ. ಕುತ್ತಿಗೆಗೆ ತಗುಲಿದರೆ ಜೀವ ಹೋಗುತ್ತದೆ. ಮುಸ್ಸಂಜೆಯಲ್ಲಂತೂ ಹೋಗಲೇಬೇಡಿ. ಗ್ಯಾಸ್ ಪೈಪ್‌ಲೈನ್ ಹಾದುಹೋಗುವ ಜಾಗವಾದರೆ ಇನ್ನೊಂದು ತೊಂದರೆ. ಚಕ್ರ ಮತ್ತೆ ಮತ್ತೆ ಉಜ್ಜಿ, ಮಳೆಯೂ ಸೇರಿಕೊಂಡರೆ ಪೈಪ್ ಮೇಲಿನ ಮಣ್ಣು ಸವೆಯುತ್ತದೆ.

ಅನುಮತಿ ಸಿಕ್ಕರೆ, ಮೊದಲ ದಿನ ಗಾಡಿ ಬಿಟ್ಟು ಇಡೀ ದಾರಿ ನಡೆದು ನೋಡಿ. ತಂತಿ, ಗುಂಡಿ, ಗೇಟ್ ಎಲ್ಲೆಲ್ಲಿವೆ ಅಂತ ಗುರುತು ಹಾಕಿಕೊಳ್ಳಿ.